ಮೃತ್ಯುಂಜಯ ಡಾಕ್ಟರ ಬಲಗೈ

ಮೃತ್ಯುಂಜಯ ಡಾಕ್ಟರ ಬಲಗೈ ಮೊಣಕೈಯಿಂದ ಕೆಳಗೆ ಎಡಗೈಗಿಂತ ದಪ್ಪಗಿತ್ತು. ಇಪ್ಪತ್ತೈದು ವರ್ಷ ಹಸು ಎಮ್ಮೆಗಳ ಬಸಿರಿನೊಳಗೆ ಕೈ ಹಾಕಿ, ಅಡ್ಡ ಬಿದ್ದ ಕರುಗಳನ್ನು ತಿರುಗಿಸಿ ಎಳೆದು ಎಳೆದು ಅದು ಹಾಗಾಗಿತ್ತು. 1998ರಲ್ಲಿ ನಾನು ಮೈಸೂರಿನ ಅಗ್ರಹಾರದ ಪಕ್ಕದ ದನದ ಆಸ್ಪತ್ರೆಗೆ ಹೊಸ ಡಾಕ್ಟರಾಗಿ ಸೇರಿದ ದಿನ ಅವರು ‘ಬನ್ನಿ ಸುಷ್ಮಾ’ ಎಂದು ಕೈ ಕುಲುಕಿದರು. ಆ ದಿನವೆಲ್ಲ ನನಗೆ ಪೆನ್ನು ಸರಿಯಾಗಿ ಹಿಡಿಯಲಾಗಲಿಲ್ಲ. ಅವರಿಗೆ ಆಗ ಐವತ್ತು, ನನಗೆ ಇಪ್ಪತ್ತಾರು. ನನಗೆ ಸಿಟ್ಟು ಬೇಗ, ಮಾತು ಅದಕ್ಕಿಂತ ಬೇಗ. ಅವರಲ್ಲಿ ಎರಡೂ ಇರಲಿಲ್ಲ. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಯಾವಾಗಲೂ ಒಂದು ಅಚ್ಚು ಬೆಲ್ಲ. ಬೆಲ್ಲ ಅವರಿಗಲ್ಲ, ಹಸುಗಳಿಗೆ.

ಹಾಯುವ ಹೋರಿಯ ಕೊಂಬಿನ ಮುಂದೆ ಅಲ್ಲಾಡದೆ ನಿಲ್ಲುತ್ತಿದ್ದ ಈ ಮನುಷ್ಯ ಹಕ್ಕಿ ಕಂಡರೆ ಮಾತ್ರ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಯಾರಾದರೂ ಕೋಳಿಯನ್ನೋ ಪಾರಿವಾಳವನ್ನೋ ಹಿಡಿದು ಗೇಟು ದಾಟಿದರೆ ಸಾಕು, ‘ಸುಷ್ಮಾ, ನೀವೇ ನೋಡಿಬಿಡಿ’ ಎಂದು ಹಿಂಬಾಗಿಲಿನಿಂದ ಟೀ ಅಂಗಡಿಗೆ ಹೋಗಿಬಿಡುತ್ತಿದ್ದರು. ನನಗೂ ಹಕ್ಕಿಗಳ ವಿಚಾರ ಅಷ್ಟಕ್ಕಷ್ಟೆ. ನಾವು ಕಾಲೇಜಿನಲ್ಲಿ ಕಲಿತದ್ದು ಫಾರಂ ಕೋಳಿಗಳ ರೋಗ. ಸಾವಿರದಲ್ಲಿ ಎಷ್ಟು ಸತ್ತವು ಎಂದು ನೋಡುವ ವಿದ್ಯೆ ಅದು, ಒಂದೇ ಒಂದು ಹಕ್ಕಿಯನ್ನು ಉಳಿಸುವ ವಿದ್ಯೆ ಅಲ್ಲ. ಇವರಿಗೆ ಸಣ್ಣ ಜೀವ ಎಂದರೆ ಅಸಡ್ಡೆ ಎಂದು ನಾನು ಒಂದು ದಿನ ನಮ್ಮ ಕಾಂಪೌಂಡರ್ ಕೃಷ್ಣಪ್ಪನವರ ಹತ್ತಿರ ಸಿಡುಕಿದೆ. ಅವರು ಬಾಟಲಿ ತೊಳೆಯುವುದನ್ನು ನಿಲ್ಲಿಸಿ, ನಾನು ಸೇರುವ ಮೂರು ವರ್ಷದ ಹಿಂದಿನ ಕಥೆ ಹೇಳಿದರು.

1995ರ ಆಷಾಢ. ಗಾಳಿಪಟದ ಕಾಲ, ಊರ ಮೇಲೆಲ್ಲ ಗಾಜಿನ ಪುಡಿ ಮೆತ್ತಿದ ದಾರ. ಅಶೋಕಪುರಂನ ಪುಟ್ಟಲಿಂಗಮ್ಮ ಎಂಬ ಹೂವಿನ ವ್ಯಾಪಾರದ ಹೆಂಗಸು ಒಂದು ಪಾರಿವಾಳವನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿ ಬಂದಳು. ದಾರ ಕೊಯ್ದು ರೆಕ್ಕೆಯ ಬುಡದಲ್ಲಿ ಗಾಯವಾಗಿತ್ತು. ಅವಳ ಗಂಡ ಕಾಳಯ್ಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದವನು, ಹಿಂದಿನ ವರ್ಷ ತೀರಿಕೊಂಡಿದ್ದ. ಪಾರಿವಾಳ ಅವನ ಹುಚ್ಚು. ಈ ಬೂದಿ ಬಣ್ಣದ ಹಕ್ಕಿಗೆ ಬೂದ ಎಂದೇ ಹೆಸರಿಟ್ಟು ಕೈಯಾರೆ ಪಳಗಿಸಿದ್ದ. ನಂಜನಗೂಡಿನಲ್ಲಿ ಹಾರಿಬಿಟ್ಟು ಅವನು ರೈಲು ಹತ್ತಿದರೆ, ಅವನಿಗಿಂತ ಮುಂಚೆ ಬೂದ ಮನೆಯ ತಾರಸಿಯ ಮೇಲೆ ಕೂತಿರುತ್ತಿತ್ತಂತೆ. ಗಾಯ ಎರಡೇ ಹೊಲಿಗೆಯ ಕೆಲಸ. ‘ನಾನೇ ಹಿಡ್ಕತೀನಿ ಬುಡಿ ಸ್ವಾಮಿ’ ಎಂದಳು ಪುಟ್ಟಲಿಂಗಮ್ಮ. ಡಾಕ್ಟರು ಅವಳನ್ನು ದೂರ ನಿಲ್ಲಿಸಿದರು. ಹಕ್ಕಿ ಒದ್ದಾಡಿ ಗಾಯ ಹೆಚ್ಚು ಮಾಡಿಕೊಳ್ಳದಿರಲಿ ಎಂದು ಬಲಗೈಯಲ್ಲಿ ಅದರ ಮೈಯನ್ನು ಸುತ್ತ ಬಿಗಿಯಾಗಿ ಹಿಡಿದು ಮೇಜಿಗೆ ಒತ್ತಿಕೊಂಡು, ಎಡಗೈಯಲ್ಲಿ ಸೂಜಿ ನಡೆಸಿದರು. ಅವರಿಗೆ ಎರಡೂ ಕೈಯಲ್ಲಿ ಹೊಲಿಗೆ ಬರುತ್ತಿತ್ತು. ಎರಡನೆಯ ಗಂಟು ಬೀಳುವಷ್ಟರಲ್ಲಿ ಬೂದನ ಕತ್ತು ಜೋತುಬಿತ್ತು.

ಡಾಕ್ಟರು ಸೂಜಿ ಕೆಳಗಿಟ್ಟು, ‘ತಡವಾಗಿ ತಂದ್ರಿ ಕಣಮ್ಮ’ ಎಂದರಂತೆ.

ಆ ಮಾತು ನಾವೆಲ್ಲ ಆಡುತ್ತೇವೆ. ನಾನೂ ಆಡಿದ್ದೇನೆ. ರೋಗಿ ಕೈಯಲ್ಲಿ ಸತ್ತಾಗ ಬಾಯಲ್ಲಿ ಸಿದ್ಧವಾಗಿರುವ ಮಾತು ಅದು. ಆದರೆ ಡಾಕ್ಟರಿಗೆ ಅದು ಗಂಟಲಿನಿಂದ ಇಳಿಯಲಿಲ್ಲ. ಹೆದರಿಕೆಗೆ ಸತ್ತಿತೋ, ರಕ್ತ ಹೋಗಿ ಸತ್ತಿತೋ ಎಂದು ಕೃಷ್ಣಪ್ಪನವರನ್ನು ಎಷ್ಟೋ ಸಲ ಕೇಳಿದರಂತೆ. ಅಲ್ಲಿಂದಾಚೆ ಹಕ್ಕಿ ಮುಟ್ಟಲಿಲ್ಲ.

ಪುಟ್ಟಲಿಂಗಮ್ಮ ಆ ಮಾತನ್ನು ಮನೆಗೆ ತೆಗೆದುಕೊಂಡು ಹೋದಳು. ನಾನು ಕಂಡ ಪುಟ್ಟಲಿಂಗಮ್ಮ ಬೆಳಿಗ್ಗೆ ಆರು ಗಂಟೆಗೆ, ಗೇಟಿಗೆ ಬೀಗ ಇರುವಾಗಲೇ, ಬಿದಿರಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿರುತ್ತಿದ್ದಳು. ಕಾಳಯ್ಯ ಬಿಟ್ಟುಹೋದ ಪಾರಿವಾಳಗಳಲ್ಲಿ ಒಂದು ಒಮ್ಮೆ ಸೀನಿದರೆ ಬಂದಳು. ಒಂದು ಹೊತ್ತು ಕಾಳು ಬಿಟ್ಟರೆ ಬಂದಳು. ಪುಕ್ಕ ಉದುರುವ ಕಾಲದಲ್ಲಿ ಪುಕ್ಕ ಉದುರಿತೆಂದು ಬಂದಳು. ಮಾರುಕಟ್ಟೆಯಲ್ಲಿ ಹೂವು ಎತ್ತುವ ಹೊತ್ತು ಅದು, ಒಳ್ಳೆಯ ಮಲ್ಲಿಗೆ ಬೇರೆಯವರ ಪಾಲಾಗುತ್ತಿತ್ತು. ಆದರೂ ಬಂದಳು. ಅವಳಿಗೆ ‘ಅಲಾರಂ ಪುಟ್ಟಲಿಂಗಮ್ಮ’ ಎಂದು ಹೆಸರಿಟ್ಟವಳು ನಾನೇ. ಯಾಕಮ್ಮ ಇಷ್ಟು ಬೇಗ ಎಂದು ಒಂದು ದಿನ ರೇಗಿದಾಗ ಅವಳು, ‘ಒಂದ್ಸಲ ತಡ ಮಾಡಿ ಬೂದನ್ನ ಕಳ್ಕಂಡೆ ಕಣವ್ವ. ಇನ್ನೊಂದ್ಸಲ ಅಂಗಾಗ್ಬಾರ್ದು’ ಎಂದಳು. ನಾನು ಚೀಟಿ ಬರೆದು ಹರಿದು ಕೊಟ್ಟು, ಒಳಗೆ ಹೋಗಿ ನಕ್ಕೆ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

2003ರ ಫೆಬ್ರವರಿಯಲ್ಲಿ ಒಂದು ಸುತ್ತೋಲೆ ಬಂತು. ಕೆಲಸದಲ್ಲಿರುವ ಪಶುವೈದ್ಯರಿಗೆ ಹಕ್ಕಿ ಚಿಕಿತ್ಸೆಯ ಮೂರು ದಿನದ ತರಬೇತಿ, ಮೈಸೂರಿನಲ್ಲೇ, ಪ್ರತಿ ಆಸ್ಪತ್ರೆಯಿಂದ ಇಬ್ಬರು. ನನ್ನ ಹೆಸರು ಬರೆದು, ಎರಡನೆಯ ಗೆರೆಯಲ್ಲಿ ಡಾಕ್ಟರ ಹೆಸರೂ ಬರೆದು, ಅವರು ಓದದೆ ರುಜು ಹಾಕುವ ಕಾಗದಗಳ ನಡುವೆ ಇಟ್ಟುಬಿಟ್ಟೆ. ಗೊತ್ತಾದಾಗ ಅವರು ಬೈಯಲಿಲ್ಲ. ಇನ್ನು ಮೂರು ವರ್ಷಕ್ಕೆ ನಿವೃತ್ತಿ ಆಗುವವನು ಹೊಸದಾಗಿ ಏನು ಕಲಿಯಲಿ ಎಂದಷ್ಟೇ ಗೊಣಗಿದರು. ತರಗತಿಯಲ್ಲಿ ಕೊನೆಯ ಬೆಂಚು ಹಿಡಿದು, ಬಾಗಿಲು ಎಷ್ಟು ದೂರ ಎಂದು ಅಳೆಯುವವರಂತೆ ಕೂತರು.

ಪಾಠ ಹೇಳಲು ಬಂದವರು ಡಾಕ್ಟರ್ ಅಂಬುಜಾ. ಸಣ್ಣ ದನಿ, ನನ್ನದೇ ವಯಸ್ಸು. ಮೇಜಿನ ಮೇಲೆ ಸತ್ತ ಕೋಳಿಯೊಂದನ್ನು ಅಂಗಾತ ಮಲಗಿಸಿದ್ದರು. ನಮ್ಮೆಲ್ಲರ ಎದುರಿಗೇ ಅದರ ಗಂಟಲ ಕೊಳವೆಗೆ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ಇನ್ನು ಗಾಳಿ ಹೋಗಲು ದಾರಿ ಇಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದೆವು. ಆಮೇಲೆ ರೆಕ್ಕೆಯ ಮೇಲ್ಗಡೆಯ ಮೂಳೆ, ನಮ್ಮ ತೋಳಿನ ಮೂಳೆ ಇದ್ದಂತೆ, ಅದನ್ನು ಅಡ್ಡ ಕತ್ತರಿಸಿ ಅದರ ತೂತಿಗೆ ಒಂದು ರಬ್ಬರು ಕೊಳವೆ ಸಿಕ್ಕಿಸಿ, ಯಾರಾದರೂ ಊದಿ ಎಂದರು. ಯಾರೂ ಏಳಲಿಲ್ಲ. ಅವರ ಕಣ್ಣು ಕೊನೆಯ ಬೆಂಚಿಗೆ ಹೋಯಿತು.

ಮೃತ್ಯುಂಜಯ ಡಾಕ್ಟರು ಎದ್ದು ಹೋಗಿ ಕೊಳವೆ ಬಾಯಿಗಿಟ್ಟು ಊದಿದರು. ಕೋಳಿಯ ಎದೆಗೂಡು ಮೇಲೆದ್ದಿತು. ಹೊಟ್ಟೆ ಉಬ್ಬಿತು. ಊದುವುದನ್ನು ಬಿಟ್ಟರೆ ಇಳಿಯಿತು. ಮತ್ತೆ ಊದಿದರು, ಮತ್ತೆ ಎದ್ದಿತು. ಸತ್ತ ಕೋಳಿ ಮೂಳೆಯಿಂದ ಉಸಿರಾಡುತ್ತಿತ್ತು. ನನ್ನ ತೋಳಿನ ಕೂದಲು ನಿಂತಿತ್ತು.

ಅಂಬುಜಾ ಮೆಲ್ಲಗೆ ವಿವರಿಸುತ್ತ ಹೋದರು. ಹಕ್ಕಿಯ ಶ್ವಾಸಕೋಶ ನಮ್ಮದರಂತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅದರ ಸುತ್ತ ಮೈಯೊಳಗೆಲ್ಲ ತೆಳುವಾದ ಗಾಳಿಚೀಲಗಳಿವೆ, ಕೆಲವು ಮೂಳೆಗಳ ಒಳಗೂ ಹೋಗಿವೆ. ಒಮ್ಮೆ ಒಳಗೆ ಹೋದ ಗಾಳಿ ಪೂರ್ತಿ ಸುತ್ತಿ ಹೊರಬರಲು ಎರಡು ಉಸಿರು ಬೇಕು. ಹೋಗುವಾಗಲೂ ಬರುವಾಗಲೂ ಶ್ವಾಸಕೋಶಕ್ಕೆ ತಾಜಾ ಗಾಳಿಯೇ ಸಿಗುತ್ತದೆ. ಹಿಮಾಲಯದ ಮೇಲೆ ಹೆಬ್ಬಾತುಗಳು ಹಾರುವುದು ಹೀಗೆ. ನಾನು ಬರೆದುಕೊಳ್ಳುವುದನ್ನು ಮರೆತು ಕೇಳಿದೆ. ನಮ್ಮ ಆಸ್ಪತ್ರೆಯ ಸೂರಿನ ಮೇಲೆ ದಿನವೂ ಕೂತು ಹಿಕ್ಕೆ ಹಾಕುವ ಪಾರಿವಾಳದ ಒಳಗೆ ಇಷ್ಟೆಲ್ಲ ಇತ್ತು. ನಾನು ಪೊರಕೆ ತೋರಿಸಿ ಅದನ್ನು ಓಡಿಸುತ್ತಿದ್ದೆ.

ಕೊನೆಗೆ ಅವರು ಹೇಳಿದ ಮಾತು ಇದು. ನಮಗೆ, ಹಸುವಿಗೆ, ನಾಯಿಗೆ ಎದೆ ಹೊಟ್ಟೆಗಳ ನಡುವೆ ವಪೆ ಎಂಬ ಪರದೆ ಇದೆ, ಉಸಿರು ಎಳೆಯುವುದು ಮುಖ್ಯವಾಗಿ ಅದು. ಹಕ್ಕಿಗೆ ಅದಿಲ್ಲ. ಹಕ್ಕಿಯ ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಗಾಳಿ ಒಳಗೆ ಬರುತ್ತದೆ. ಮೂಗು ತೆರೆದಿರಲಿ, ಗಂಟಲು ತೆರೆದಿರಲಿ, ಎದೆಯನ್ನು ಬಿಗಿಯಾಗಿ ಹಿಡಿದರೆ ಅದು ಸದ್ದಿಲ್ಲದೆ ಉಸಿರುಕಟ್ಟಿ ಸಾಯುತ್ತದೆ. ಹೆದರಿ ಸತ್ತಿತು ಎಂದು ನಾವು ಬರೆಯುತ್ತೇವೆ.

ಮೃತ್ಯುಂಜಯ ಡಾಕ್ಟರು ಇನ್ನೂ ಕೋಳಿಯ ಪಕ್ಕದಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಲ್ಲಿ ಸಾಯುತ್ತದೆ ಎಂದು ಕೇಳಿದರು. ಗಾಯಗೊಂಡ ಹಕ್ಕಿಯಾದರೆ ಒಂದೆರಡು ನಿಮಿಷ ಸಾಕು ಸರ್ ಎಂದರು ಅಂಬುಜಾ. ಎರಡು ಹೊಲಿಗೆಗೆ ಹಿಡಿಯುವ ಸಮಯ ಅದು. ನನಗೂ ಆ ಕ್ಷಣದಲ್ಲೇ ಹೊಳೆಯಿತು.

ಸಂಜೆ ಸ್ಕೂಟರಿನ ಹತ್ತಿರ ಬಂದು ಅವರು, ‘ಆಯಮ್ಮನಿಗೆ ಹೇಳಬೇಕಲ್ಲ ಸುಷ್ಮಾ’ ಎಂದರು. ನಾನು ಬುದ್ಧಿವಂತಿಕೆಯ ಮಾತು ಹೇಳಿದೆ. ಎಂಟು ವರ್ಷದ ಹಿಂದಿನ ಮಾತು, ಈಗ ಹೇಳಿ ಯಾರಿಗೇನು ಲಾಭ, ಅಶೋಕಪುರಂನಿಂದ ಅಗ್ರಹಾರದವರೆಗೆ ಡಾಕ್ಟರೇ ಪಾರಿವಾಳ ಕೊಂದರಂತೆ ಎಂದು ಹಬ್ಬುತ್ತದೆ, ನಿವೃತ್ತಿಯ ಹೊತ್ತಿಗೆ ಬೇಕೇ ಎಂದೆ. ಅವರು ಸ್ಕೂಟರು ಒದ್ದು ಹೊರಟರು.

ಆಮೇಲಿನ ಮೂರು ವಾರ ನಾನು ಕಂಡದ್ದು ಬೇರೆ ಮನುಷ್ಯನನ್ನು. ಅವರ ಮನೆ ಬೋಗಾದಿಯ ಹೊಸ ಬಡಾವಣೆಯಲ್ಲಿ. ಮೊಟ್ಟೆ ಎಂಬ ಹೆಸರನ್ನೂ ಎತ್ತದ, ಎರಡು ಹೊತ್ತು ಲಿಂಗಪೂಜೆ ನಡೆಯುವ ಮನೆ. ಆ ಮನೆಗೆ ಒಂದು ನಾಟಿ ಕೋಳಿ ತಂದರು. ಅವರ ಹೆಂಡತಿ ಪ್ರೇಮಲೀಲಾ ಆಸ್ಪತ್ರೆಗೇ ಬಂದು ನನ್ನ ಹತ್ತಿರ ದೂರಿದರು. ಬೆಳಿಗ್ಗೆ ಸಂಜೆ ಕೋಳಿ ಹಿಡಿಯುತ್ತಾರೆ, ಬಿಡುತ್ತಾರೆ, ಗಡಿಯಾರ ನೋಡಿಕೊಂಡು ಅದರ ಉಸಿರು ಎಣಿಸುತ್ತಾರೆ, ಅಕ್ಕಪಕ್ಕದವರು ಏನಂದುಕೊಳ್ಳಬೇಕು ಹೇಳಿ ಎಂದರು. ಹೇಳುತ್ತಿದ್ದವರು ನಡುವೆ ನಿಲ್ಲಿಸಿ, ಕೋಳಿ ಈಗ ಅವರ ಕೈಯಲ್ಲೇ ನಿದ್ದೆ ಮಾಡುತ್ತದೆ ಕಣಮ್ಮ ಎಂದು ತಾವೇ ಬೆರಗಾದರು.

ಆದರೆ ಪುಟ್ಟಲಿಂಗಮ್ಮ ಬಂದ ಬೆಳಿಗ್ಗೆಗಳಲ್ಲಿ ಅವರು ಮೊದಲಿನಂತೆಯೇ ಹಿಂಬಾಗಿಲು ಹಿಡಿಯುತ್ತಿದ್ದರು. ಮೊದಲು ಹಕ್ಕಿಗೆ ಹೆದರುತ್ತಿದ್ದವರು ಈಗ ಅವಳಿಗೆ ಹೆದರುತ್ತಿದ್ದರು. ಟೀ ತಣ್ಣಗಾಗುವವರೆಗೆ ಅಂಗಡಿಯ ಬೆಂಚಿನ ಮೇಲೆ ಕೂತಿದ್ದು, ಅವಳು ಹೋದ ಮೇಲೆ ಬಂದು, ಇವತ್ತೂ ಹೇಳಲಿಲ್ಲ ಎಂದು ಯಾರಿಗೋ ಹೇಳಿದಂತೆ ಹೇಳುತ್ತಿದ್ದರು. ನಾನು ಕೇಳಿಸದವಳಂತೆ ಇರುತ್ತಿದ್ದೆ.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ನಾನು ಗೇಟಿಗೆ ಬರುವಾಗ ಪುಟ್ಟಲಿಂಗಮ್ಮ ಕಲ್ಲಿನ ಮೇಲೆ ಕೂತಿರಲಿಲ್ಲ, ನಿಂತಿದ್ದಳು. ಬುಟ್ಟಿಯಲ್ಲಿ ಒಂದು ಬಿಳಿ ಪಾರಿವಾಳ ಕತ್ತು ನೀಟಿ, ಬಾಯಿ ತೆರೆದು, ಬಾಲವನ್ನು ಒಂದೇ ಸಮ ಅಲ್ಲಾಡಿಸುತ್ತ ಉಸಿರಿಗೆ ಒದ್ದಾಡುತ್ತಿತ್ತು. ಬಾಯೊಳಗೆ ಟಾರ್ಚ್ ಬಿಟ್ಟೆ. ಗಂಟಲಿನಲ್ಲಿ ಗಿಣ್ಣಿನಂಥ ಹಳದಿ ಗಡ್ಡೆ ಬೆಳೆದು ಉಸಿರಿನ ದಾರಿಗೇ ಕೂತಿತ್ತು. ಕೀಳಲು ಹೋದರೆ ರಕ್ತ ಬರುತ್ತದೆ, ಅಷ್ಟು ಹೊತ್ತು ಉಸಿರಿಲ್ಲದೆ ಅದು ಬದುಕುವುದಿಲ್ಲ. ನಾನು ಬಾಯಿ ತೆರೆದೆ. ತಡವಾಗಿ ತಂದ್ರಿ ಎಂಬ ಆ ಹಳೆಯ ಮಾತು ನಾಲಿಗೆಯ ತುದಿಗೇ ಬಂದಿತ್ತು. ಗೇಟು ತೆರೆಯುವ ಮೊದಲೇ ಬಂದು ನಿಂತವಳಿಗೆ ಅದನ್ನು ಹೇಳುವುದು ಹೇಗೆ?

ಹಿಂದಿನಿಂದ ಒಂದು ದೊಡ್ಡ ಕೈ ಬಂತು. ಮೃತ್ಯುಂಜಯ ಡಾಕ್ಟರು ಹಕ್ಕಿಯನ್ನು ಎತ್ತಿಕೊಂಡರು. ಆ ದಪ್ಪ ಬೆರಳುಗಳು ಅದರ ರೆಕ್ಕೆಗಳನ್ನು ಮಡಿಸಿ ಹಿಡಿದಿದ್ದವು, ಎದೆ ಪೂರ್ತಿ ಬಿಡುವಾಗಿತ್ತು. ಕೃಷ್ಣಪ್ಪನವರ ಕಡೆ ತಿರುಗಿ, ಎಳೆಮಕ್ಕಳಿಗೆ ಹಾಲುಣಿಸುವ ಸಣ್ಣ ನಳಿಕೆ ಕುದಿಸಿಟ್ಟಿದ್ದೇನಲ್ಲ, ಕೊಡಿ ಎಂದರು. ಅವರು ಅದನ್ನು ತರಬೇತಿಯ ಮಾರನೆಯ ದಿನದಿಂದ ಸಿದ್ಧ ಇಟ್ಟಿದ್ದರೆಂದು ನನಗೆ ಆಗಲೇ ಗೊತ್ತಾದದ್ದು. ಹಕ್ಕಿಯ ಎಡ ಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದೆ, ನಾಲ್ಕು ಪುಕ್ಕ ಕಿತ್ತು, ಅರಿವಳಿಕೆ ಒಂದು ಹನಿ ಹಾಕಿ, ಅಕ್ಕಿಕಾಳಿನಷ್ಟು ಸೀಳಿ, ನಳಿಕೆಯ ತುಂಡನ್ನು ಅಲ್ಲಿನ ಗಾಳಿಚೀಲದೊಳಗೆ ತೂರಿಸಿದರು.

ಹಕ್ಕಿಯ ಒದ್ದಾಟ ನಿಂತಿತು. ಸತ್ತಿತು ಎಂದುಕೊಂಡೆ. ಡಾಕ್ಟರು ಕಿತ್ತ ಪುಕ್ಕಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಚಿಮಟದಲ್ಲಿ ಎತ್ತಿ ನಳಿಕೆಯ ಬಾಯಿಗೆ ಹಿಡಿದರು. ಪುಕ್ಕ ಆಚೆ ಬಾಗಿತು, ಈಚೆ ಬಾಗಿತು. ಆಚೆ, ಈಚೆ. ಪಾರಿವಾಳ ಬಾಯಿ ಮುಚ್ಚಿ, ಕಣ್ಣು ಪಿಳುಕಿಸಿ, ಪಕ್ಕೆಯಿಂದ ಉಸಿರಾಡುತ್ತ ನಮ್ಮನ್ನು ನೋಡುತ್ತಿತ್ತು. ನಾನು ಐದು ವರ್ಷದಲ್ಲಿ ಎಷ್ಟೋ ಹೆರಿಗೆ, ಎಷ್ಟೋ ಸಾವು ಕಂಡಿದ್ದೆ. ಆದರೆ ಅಂಥದ್ದನ್ನು ಕಂಡಿರಲಿಲ್ಲ, ಅಂಥ ಬೆರಗು ಆಮೇಲೂ ನನಗೆ ಸಿಗಲಿಲ್ಲ. ಕೃಷ್ಣಪ್ಪನವರು ಚಪ್ಪಲಿ ಬಿಟ್ಟು ಕೈ ಮುಗಿದರು. ಇನ್ನು ಅವಸರವಿಲ್ಲ ಎಂದು ಡಾಕ್ಟರು ನಳಿಕೆಗೆ ಹೊಲಿಗೆ ಹಾಕಿ ಭದ್ರ ಮಾಡಿ, ಗಂಟಲಿನ ಗಡ್ಡೆಯನ್ನು ನಿಧಾನವಾಗಿ ಬಿಡಿಸಿ ತೆಗೆದರು. ಐದು ದಿನ ಔಷಧಿ ಹಾಕಿ, ಗಂಟಲು ವಾಸಿಯಾದ ಮೇಲೆ ಬಂದರೆ ನಳಿಕೆ ತೆಗೆಯುವುದಾಗಿ ಹೇಳಿದರು.

ಪುಟ್ಟಲಿಂಗಮ್ಮ ಅಳುತ್ತಿದ್ದಳು. ಕಾಲಿಗೆ ಬೀಳಲು ಹೋದವಳನ್ನು ಅವರು ತಡೆದರು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: ‘ಆವತ್ತೂ ನಾನು ಇಂಗೇ ಬಿರ್ರನೆ ತಂದಿದ್ರೆ ನಮ್ ಬೂದನ್ನೂ ನೀವು ಉಳಿಸ್ತಿದ್ರಿ ಅಲ್ವಾ ಸ್ವಾಮಿ. ನಂದೇ ತಪ್ಪು.’

ಆಗ ಬಾಗಿಲಿನಲ್ಲಿ ಎಮ್ಮೆಯವರು, ಕುರಿಯವರು, ಏಳೆಂಟು ಜನ ಪವಾಡ ನೋಡಲು ನೆರೆದಿದ್ದರು. ನಾನು ಡಾಕ್ಟರ ಕಡೆ ನೋಡಿದೆ. ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದೆ. ಹೌದು, ಹೇಳಿದೆ. ಅವರು ನನ್ನನ್ನು ನೋಡಲಿಲ್ಲ.

‘ಇಲ್ಲಮ್ಮ,’ ಎಂದರು. ‘ಬೂದ ಸಾಯೋ ಗಾಯ ಅದಲ್ಲ. ಹಕ್ಕಿ ಎದೆ ಅದುಮಿದ್ರೆ ಉಸಿರು ನಿಲ್ಲುತ್ತೆ. ಅದು ನನಗೆ ಗೊತ್ತಿರಲಿಲ್ಲ. ಈ ತಿಂಗಳಷ್ಟೇ ಕಲಿತೆ. ಈ ಕೈಯಲ್ಲೇ ಅದುಮಿ ಹಿಡಿದೆ, ಅದಕ್ಕೇ ಸತ್ತಿದ್ದು. ಗೊತ್ತಾದ ಮೇಲೂ ಮೂರು ವಾರ ನಿಮ್ಮ ಕಣ್ಣು ತಪ್ಪಿಸಿದೆ.’

ಪುಟ್ಟಲಿಂಗಮ್ಮ ಅವರ ಕೈಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು.

‘ಅಂಗಾರೆ ನಾನು ತಡ ಮಾಡಿರ್ಲಿಲ್ವಾ?’

‘ಇಲ್ಲ. ಸರಿಯಾದ ಹೊತ್ತಿಗೇ ತಂದಿದ್ರಿ.’

ಅವಳು ಬುಟ್ಟಿ ಎತ್ತಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ಬೈದಿದ್ದರೆ ವಾಸಿಯಿತ್ತು. ಡಾಕ್ಟರು ಕೈ ತೊಳೆಯಲು ಹೋಗಿ ನಲ್ಲಿಯ ಮುಂದೆ ಬಹಳ ಹೊತ್ತು ನಿಂತರು. ಇನ್ನು ಅವಳು ಬರುವುದಿಲ್ಲ ಬಿಡಿ, ಹೇಳಬೇಡಿ ಎಂದಿದ್ದೆನಲ್ಲ ಎಂದು ನಾನು ಒಳಗೊಳಗೇ ಉರಿದೆ. ಯಾರ ಮೇಲೆ ಸಿಟ್ಟೋ ನನಗೇ ಗೊತ್ತಿರಲಿಲ್ಲ.

ಐದನೆಯ ದಿನ ಡಾಕ್ಟರು ಬೆಳಿಗ್ಗೆ ಆರಕ್ಕೇ ಬೋಗಾದಿಯಿಂದ ಬಂದು ಗೇಟಿನ ಬೀಗ ತೆಗೆಸಿದ್ದರು. ಕಲ್ಲು ಖಾಲಿ ಇತ್ತು. ಏಳಾಯಿತು, ಎಂಟಾಯಿತು. ನಳಿಕೆ ತೆಗೆಯದಿದ್ದರೆ ಕೀವಾಗುತ್ತದೆ ಎಂದು ಅವರು ಗೇಟಿಗೂ ಮೇಜಿಗೂ ಓಡಾಡಿದರು. ಹನ್ನೊಂದಕ್ಕೆ ಕೃಷ್ಣಪ್ಪನವರನ್ನು ಸೈಕಲ್ಲಿನಲ್ಲಿ ಅಶೋಕಪುರಂಗೆ ಕಳಿಸುವುದೆಂದು ತೀರ್ಮಾನವಾಯಿತು. ಅವರು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.

ಹನ್ನೊಂದೂ ಕಾಲಿಗೆ ಪುಟ್ಟಲಿಂಗಮ್ಮ ಬಂದಳು. ಓಡಿ ಬರಲಿಲ್ಲ, ನಡೆದು ಬಂದಳು. ಬಾಯಲ್ಲಿ ಎಲೆಅಡಿಕೆ, ತಲೆಯಲ್ಲಿ ತಾನೇ ಕಟ್ಟಿದ ಮಲ್ಲಿಗೆ. ಎಂಟು ವರ್ಷದ ಮೇಲೆ ಮೊದಲ ಸಲ ಬೆಳಗಿನ ವ್ಯಾಪಾರ ಪೂರ್ತಿ ಮುಗಿಸಿ ಬಂದಿದ್ದಳು. ನಾಲ್ಕು ದಿನ ತಾರಸಿಗೆ ಹೋಗಿ ಕೂತು ಕಾಳಯ್ಯನಿಗೆ ಎಲ್ಲ ಹೇಳಿದೆ ಎಂದಳು. ಅವನು ಏನೆಂದ ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬುಟ್ಟಿ ತೆರೆದು ಹಕ್ಕಿಯನ್ನು ತೆಗೆದಳು. ಅದರ ಎರಡು ಕಾಲು ಅವಳ ಎರಡು ಬೆರಳುಗಳ ನಡುವೆ, ರೆಕ್ಕೆಯ ತುದಿ ಹೆಬ್ಬೆರಳಿನ ಕೆಳಗೆ, ಎದೆ ಅಂಗೈಯ ಮೇಲೆ ಹಗುರವಾಗಿ ಕೂತಿತ್ತು. ಕಾಳಯ್ಯ ಕಲಿಸಿದ ಹಿಡಿತ. ಅಂಬುಜಾ ಮೂರು ದಿನ ಚಿತ್ರ ಬರೆದು ಕಲಿಸಿದ್ದು ಆ ಕೈಯಲ್ಲಿ ಮೊದಲೇ ಇತ್ತು. ನಾವು ಅವಳನ್ನು ದೂರ ನಿಲ್ಲಿಸಿದ್ದೆವು.

ಡಾಕ್ಟರು ಕೈ ಚಾಚಲಿಲ್ಲ. ನೀವೇ ಹಿಡಿದುಕೊಳ್ಳಿ, ನಾನು ನಳಿಕೆ ತೆಗೆಯುತ್ತೇನೆ ಎಂದರು. ಅವಳು ಅವರ ಬಲಗೈಯನ್ನು ತಾನೇ ಎಳೆದು ಅಂಗಾತ ಮಾಡಿ, ಹಕ್ಕಿಯನ್ನು ಅದರ ಮೇಲೆ ಕೂರಿಸಿ, ಕಾಲುಗಳನ್ನು ಅವರ ಬೆರಳುಗಳ ನಡುವೆ ಸಿಕ್ಕಿಸಿದಳು.

‘ನೀವೇ ಹಿಡ್ಕಳಿ ಸ್ವಾಮಿ,’ ಎಂದಳು. ‘ನಾನು ಅಂಗ್ಡಿಗೋಗಿ ಒಂದ್ ಟೀ ಕುಡ್ದು ಬತ್ತೀನಿ.’

ಹೇಳಿ, ಹಿಂದೆ ತಿರುಗಿಯೂ ನೋಡದೆ, ಡಾಕ್ಟರು ದಿನವೂ ತಪ್ಪಿಸಿಕೊಳ್ಳುತ್ತಿದ್ದ ಆ ಹಿಂಬಾಗಿಲಿನಿಂದಲೇ ಹೊರಗೆ ಹೋದಳು. ಅವರು ಅಲ್ಲಾಡದೆ ನಿಂತಿದ್ದರು. ಹಕ್ಕಿಯ ಎದೆ ಅವರ ಅಂಗೈಯ ಮೇಲೆ ಏಳುತ್ತ ಇಳಿಯುತ್ತ ಇತ್ತು. ಚಿಮಟ ಕೊಡಿ ಸುಷ್ಮಾ ಎಂದರು. ನನಗೆ ಕಣ್ಣು ಮಂಜಾಗಿ ಚಿಮಟ ಬೇಗ ಸಿಗಲಿಲ್ಲ.